ಬದಲಿ ವೈದ್ಯರು ಮತ್ತು ಕೈಗುಣ



ಹೊರದೇಶದಲ್ಲಿ ವೈದ್ಯವೃತ್ತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಮಾತಿನಲ್ಲಿ ‘ಲೋಕಮ್’ ಎಂಬ ಪದ ಆಗಾಗ ಸುಳಿಯುತ್ತದೆ. ಲ್ಯಾಟಿನ್ನಿನ ‘ಲೋಕಮ್ ಟೆನೆನ್ಸ್’ ಎಂದರೆ ಸ್ಥಾನವನ್ನು ಹಿಡಿದುಕೊಂಡಿರುವವನು. ಕುಟುಂಬವೈದ್ಯರು ರಜೆಯಲ್ಲಿರುವಾಗ ಅವರ ಕುರ್ಚಿಯಲ್ಲಿ ಕುಳಿತು ರೋಗಿಗಳನ್ನು ನೋಡುವ ಬದಲಿ ವೈದ್ಯರು ಇವರು. ಬ್ರಿಟನ್ನಿನಲ್ಲಿ ಈ ಪದ್ಧತಿ ಬೇರೂರಲು ಒಂದು ಅನುಕೂಲವಿತ್ತು. 1911ರ ರಾಷ್ಟ್ರೀಯ ವಿಮಾ ಕಾಯಿದೆಯ ತರುವಾಯ ವಿಮೆಗೆ ಒಳಪಟ್ಟ ರೋಗಿಗಳಿಗೆ ದಾಖಲೆಯ ಲಕೋಟೆಗಳು ಬಂದವು. ‘ಲಾಯ್ಡ್ ಜಾರ್ಜ್ ಲಕೋಟೆ’ ಎಂದೇ ಅವುಗಳ ಹೆಸರು. ವೈದ್ಯರು ಬದಲಾದರೂ ಲಕೋಟೆ ಉಳಿಯುತ್ತಿತ್ತು.

ನಮ್ಮ ಸೀಮೆಯಲ್ಲಿ ಜನರು ನಂಬಿದ್ದು ಲಕೋಟೆಯನ್ನಲ್ಲ, ಕೈಗುಣವನ್ನು. “ಆ ಡಾಕ್ಟ್ರ ಕೈಗುಣ ಚಲೋ ಐತಿ” ಎಂಬ ಮಾತನ್ನು ಬಳ್ಳಾರಿಯಲ್ಲಿ ಕೇಳದವರುಂಟೇ? ಕೈಗುಣವನ್ನು ಮತ್ತೊಬ್ಬರಿಗೆ ವಾರದ ಮಟ್ಟಿಗೆ ಎರವಲು ಕೊಡಲು ಬಾರದು. ಆದುದರಿಂದ ಖಾಸಗಿ ವೈದ್ಯರು ಪರಊರಿಗೆ ಹೊರಟರೆ ದವಾಖಾನೆಗೆ ಬೀಗ. ಅವಸರದವರಿಗೆ ಕಾಂಪೌಂಡರೇ ಗತಿ.

ಸರ್ಕಾರಿ ವ್ಯವಸ್ಥೆಯ ಕಥೆ ಬೇರೆ. ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿದ್ದಾಗ, 1924ರಲ್ಲಿ, ಹಳ್ಳಿಗಳಲ್ಲಿ ನೆಲೆಸುವ ವೈದ್ಯರಿಗೆ ಸಹಾಯಧನ ಕೊಡುವ ಯೋಜನೆಯನ್ನು ಆ ಸರ್ಕಾರ ಆರಂಭಿಸಿತು. ಹಳ್ಳಿಗೆ ವೈದ್ಯರು ತಾವಾಗಿ ಬರುವುದಿಲ್ಲವೆಂಬುದು ಅಂದಿಗೇ ತಿಳಿದಿತ್ತು. 1953ರ ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರಲ್ಲಿ ನಗರಕ್ಕೆ ವೈದ್ಯಕೀಯ ಕಾಲೇಜೂ ಬಂದಿತು. ಕಾಲೇಜು ಇದ್ದರೆ ಸುತ್ತಣ ಹಳ್ಳಿಗಳಿಗೆ ವೈದ್ಯರ ಕೊರತೆಯಾಗದು ಎಂದು ತಿಳಿಯುವುದು ಸಹಜ. ಆದರೆ ಕಲಿತವರು ಕಲಿತಲ್ಲಿಯೇ ನೆಲೆಸಬೇಕೆಂಬ ನಿಯಮವೇನಿದೆ? ನನ್ನ ವಿದ್ಯಾರ್ಥಿಗಳೂ ನೆಲೆಸಲಿಲ್ಲ. ಅವರನ್ನು ನಾನು ದೂರುವುದಿಲ್ಲ.

ಖಾಲಿ ಕುರ್ಚಿಗೆ ಮೊದಲು ಬಂದವರು ‘ಇನ್‌ಚಾರ್ಜ್’ ಡಾಕ್ಟರು: ಒಬ್ಬರೇ ಎರಡು ಆರೋಗ್ಯ ಕೇಂದ್ರಗಳನ್ನು ನೋಡಿಕೊಳ್ಳುವವರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಮೇಲೆ ಗುತ್ತಿಗೆ ವೈದ್ಯರ ನೇಮಕ ಹೆಚ್ಚಿತು. ವೈದ್ಯ ಪದವೀಧರರು ಒಂದು ವರ್ಷ ಸರ್ಕಾರಿ ಸೇವೆ ಸಲ್ಲಿಸಬೇಕೆಂದು ಶಾಸನಸಭೆ 2012ರಲ್ಲಿ ಅಂಗೀಕರಿಸಿದ ಕಾಯಿದೆ 2015ರಲ್ಲಿ ಜಾರಿಗೆ ಬಂದಿತು. 2023ರಲ್ಲಿ ಅದನ್ನು ತಿದ್ದಿ, ಖಾಲಿ ಹುದ್ದೆಗಳು ಇರುವಷ್ಟಕ್ಕೆ ಮಾತ್ರ ಈ ಸೇವೆ ಎಂದು ಸಡಿಲಿಸಲಾಯಿತು.

ಲೋಕಮ್ ವೈದ್ಯರಿಗೆ ಹಿಂದಿರುಗಿ ಬರುವ ಒಬ್ಬ ಕಾಯಂ ವೈದ್ಯರಿರುತ್ತಾರೆ. ನಮ್ಮಲ್ಲಿ ಎಷ್ಟೋ ಬಾರಿ ಬದಲಿಯವರ ನಂತರವೂ ಬದಲಿಯವರೇ. ಕುರುಗೋಡಿನ ಕಡೆಯ ಒಬ್ಬ ಅಜ್ಜಿಗೆ ಸಕ್ಕರೆ ಕಾಯಿಲೆ ಇದೆಯೆನ್ನಿ. ಯಾವ ಗುಳಿಗೆ ಒಗ್ಗಲಿಲ್ಲ, ಯಾವಾಗ ತಲೆಸುತ್ತಿ ಬಿದ್ದಳು, ಮನೆಯಲ್ಲಿ ಅಡುಗೆ ಮಾಡುವವರು ಯಾರು ಎಂಬುದನ್ನು ಹೊಸ ವೈದ್ಯರು ತಿಳಿಯುವಷ್ಟರಲ್ಲಿ ವರ್ಷ ಕಳೆದಿರುತ್ತದೆ. ಮುಂದೆ ಬಂದವರು ಪುನಃ “ಏನಾಗ್ತೈತಮ್ಮ?” ಎಂದೇ ಆರಂಭಿಸಬೇಕು. ಬೇಸತ್ತ ಸಿರುಗುಪ್ಪ ಕಡೆಯ ಕೂಲಿಕಾರರು ಒಂದು ದಿನದ ಕೂಲಿ ಕಳೆದುಕೊಂಡು, ಸಾಮಾನ್ಯ ಜ್ವರಕ್ಕೂ ಬಳ್ಳಾರಿಯ ಬಸ್ಸು ಹತ್ತುತ್ತಾರೆ.

ನಮ್ಮ ಲಕೋಟೆ ಎಲ್ಲಿದೆಯೆಂದರೆ, ರೋಗಿಯ ಕೈಯಲ್ಲಿರುವ ಪ್ಲಾಸ್ಟಿಕ್ ಚೀಲದಲ್ಲಿ. ಹಳೆಯ ಚೀಟಿಗಳು, ಮಾಸಿದ ಇ.ಸಿ.ಜಿ. ಕಾಗದ, ಖಾಲಿಯಾದ ಗುಳಿಗೆಯ ಹಾಳೆ ಎಲ್ಲವೂ ಅದರಲ್ಲಿ. ಉಳಿದ ನೆನಪು ಊರಿನಲ್ಲಿಯೇ ಇರುವ ನರ್ಸಮ್ಮ ಹಾಗೂ ಆಶಾ ಕಾರ್ಯಕರ್ತೆಯರದು. ನಿಮ್ಮಲ್ಲಿ ಯಾರಾದರೂ ಇಂಥ ಒಂದು ವರ್ಷದ ಸೇವೆಗೆ ಹೋಗುವವರಿದ್ದರೆ, ಮೊದಲ ದಿನ ಅವರನ್ನು ಕೂರಿಸಿಕೊಂಡು ಕೇಳಿರಿ. ಹೊರಡುವಾಗ ಮುಂದಿನವರಿಗಾಗಿ ಓದಲು ಬರುವ ಅಕ್ಷರದಲ್ಲಿ ಒಂದಿಷ್ಟು ಬರೆದಿಡಿರಿ. ಕಾಪಿ ಬರೆಸುವಾಗ ನನ್ನನ್ನು ಶಪಿಸಿದವರಿಗೆ ಇದು ವಿಶೇಷ ಸೂಚನೆ.