ಆತಂಕದ ಮೂರು ಅರ್ಥಗಳು: ಮಹಾಮಾರಿಯ ಕಾಲದಲ್ಲಿ ವಿದ್ಯಾರ್ಥಿಗಳ ಭಯ

1

ಒಂದು ಶಬ್ದದ ಅರ್ಥಚರಿತ್ರೆಯಿಂದ ಈ ಲೇಖನವನ್ನು ಆರಂಭಿಸುವುದು ಉಚಿತವೆಂದು ತೋರುತ್ತದೆ. 'ಆತಂಕ' ಎಂಬ ಮಾತನ್ನು ನಾವು ಇಂದು ಮನಸ್ಸಿನ ಕಳವಳ ಎಂಬ ಅರ್ಥದಲ್ಲಿ ಬಳಸುತ್ತೇವೆ. 'ಅಡ್ಡಿ ಆತಂಕ' ಎಂಬ ಜೋಡುನುಡಿಯಲ್ಲಿ ಅದೇ ಶಬ್ದಕ್ಕೆ ವಿಘ್ನ, ತಡೆ ಎಂಬ ಅರ್ಥವಿದೆ. ಇನ್ನೂ ಹಿಂದಕ್ಕೆ ಹೋದರೆ, ಚರಕಸಂಹಿತೆಯ ನಿದಾನಸ್ಥಾನದಲ್ಲಿ ವ್ಯಾಧಿ, ಆಮಯ, ಗದ, ಜ್ವರ ಮೊದಲಾದವುಗಳೊಡನೆ ಆತಂಕವೂ ರೋಗದ ಪರ್ಯಾಯಪದವಾಗಿ ಎಣಿಕೆಗೊಂಡಿದೆ. ಮಾಧವನಿದಾನದ ವ್ಯಾಖ್ಯಾನವೊಂದಕ್ಕೆ 'ಆತಂಕದರ್ಪಣ' ಎಂದೇ ಹೆಸರು. ರೋಗ, ತಡೆ, ಕಳವಳ ಎಂಬ ಈ ಮೂರು ಅರ್ಥಗಳು ಒಂದೇ ಶಬ್ದದಲ್ಲಿ ನೆಲೆಸಿರುವುದು ಆಕಸ್ಮಿಕವಲ್ಲ. 2020ರಿಂದ 2023ರವರೆಗಿನ ಕೋವಿಡ್ ಮಹಾಮಾರಿಯ ಅವಧಿಯಲ್ಲಿ ಭಾರತದ ವಿದ್ಯಾರ್ಥಿಸಮುದಾಯದ ಭಯವು ಇದೇ ಮೂರು ಅರ್ಥಗಳ ಮೂಲಕ ಹಾದುಹೋಯಿತು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಕಾವ್ಯಮೀಮಾಂಸೆಯೂ ಇಲ್ಲಿ ನೆರವಿಗೆ ಬರುತ್ತದೆ. ಭರತನ ನಾಟ್ಯಶಾಸ್ತ್ರದಲ್ಲಿ ಭಯವು ಸ್ಥಾಯಿಭಾವ. ಶಂಕೆ, ತ್ರಾಸ, ಚಿಂತೆ, ದೈನ್ಯ, ನಿರ್ವೇದಗಳು 33 ವ್ಯಭಿಚಾರಿಭಾವಗಳ ಸಾಲಿನಲ್ಲಿ ಬರುತ್ತವೆ. ಕನ್ನಡದಲ್ಲಿ ರಸವಿಚಾರಕ್ಕೇ ಮೀಸಲಾದ ಸಾಳ್ವನ ರಸರತ್ನಾಕರವೂ ಈ ಪರಂಪರೆಗೆ ಸೇರಿದ್ದೇ. ಭಯಕ್ಕೆ ಒಂದು ಆಲಂಬನ ಬೇಕು. ಅಂದರೆ ಯಾವುದನ್ನು ಕುರಿತು ಭಯವೋ ಆ ವಸ್ತು ಎದುರಿಗಿರಬೇಕು. ಮಹಾಮಾರಿಯ ಕಾಲದ ಭಯವನ್ನು ಕುರಿತು ಮಾತನಾಡುವವರು ಬಹುಮಟ್ಟಿಗೆ ಅದರ ಪ್ರಮಾಣವನ್ನು ಮಾತ್ರ ಅಳೆಯಲು ಯತ್ನಿಸಿದ್ದಾರೆ: ಹೆಚ್ಚಾಯಿತೆ, ಕಡಿಮೆಯಾಯಿತೆ ಎಂದು. ಆಲಂಬನವೇ ಬದಲಾಯಿತೆ ಎಂಬುದು ನಮ್ಮ ಪ್ರಶ್ನೆ.

2

ಈ ಪ್ರಶ್ನೆಗೆ ಪೂರ್ವಪೀಠಿಕೆಯಾಗಿ ಪ್ಲೇಗಿನ ಕಾಲವನ್ನು ನೆನೆಯಬೇಕಾಗುತ್ತದೆ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಪ್ರದೇಶದಲ್ಲಿ ಡಾ. ಅಕಾಸಿಯೊ ವಿಯೆಗಾಸರು ಪ್ಲೇಗನ್ನು ಗುರುತಿಸಿದರು. ಮುಂದಿನ ಕೆಲವೇ ತಿಂಗಳುಗಳಲ್ಲಿ ಲಕ್ಷಾಂತರ ಜನ ಆ ನಗರವನ್ನು ತೊರೆದರು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ನಡೆಸಿದ ತಪಾಸಣೆಯ ವಿರುದ್ಧ ಎದ್ದ ಆಕ್ರೋಶವು 1897ರ ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲಿನ ಗುಂಡಿನ ದಾಳಿಯಲ್ಲಿ ಕೊನೆಗೊಂಡಿತು. 1898ರಲ್ಲಿ ರೋಗವು ಹುಬ್ಬಳ್ಳಿಯನ್ನೂ ಆ ವರ್ಷದ ಆಗಸ್ಟಿನಲ್ಲಿ ಬೆಂಗಳೂರನ್ನೂ ಹೊಕ್ಕಿತು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವ ರೂಢಿ ನಮ್ಮ ಹಳ್ಳಿಗಳ ಹಿರಿಯರ ಮಾತಿನಲ್ಲಿ ಬಹುಕಾಲ ಉಳಿದಿತ್ತು. ಮಲ್ಲೇಶ್ವರ, ಬಸವನಗುಡಿಗಳಂಥ ಬಡಾವಣೆಗಳು ಆ ಭಯದ ಭೌತಿಕ ಶೇಷಗಳು.

ಈ ವೃತ್ತಾಂತದಲ್ಲಿ ಜನರು ರೋಗಕ್ಕೆ ಹೆದರಿದಷ್ಟೇ ರೋಗದ ಹೆಸರಿನಲ್ಲಿ ಬಾಗಿಲು ತಟ್ಟುವ ಅಧಿಕಾರಕ್ಕೂ ಹೆದರಿದರೆಂಬುದು ಗಮನಾರ್ಹ. ಆದರೆ ವಿದ್ಯಾರ್ಥಿ ಇಲ್ಲಿ ಪ್ರತ್ಯೇಕವಾಗಿ ಕಾಣಿಸಿಕೊಳ್ಳುವುದು ವಿರಳ. ವಿದ್ಯಾಭ್ಯಾಸವು ಕೆಲವರ ಪಾಲಿನದಾಗಿದ್ದ ಆ ಕಾಲದಲ್ಲಿ ವಿದ್ಯಾರ್ಥಿಯ ಭಯವು ಅವನ ಕುಟುಂಬದ ಭಯದಲ್ಲಿಯೇ ಅಡಗಿಹೋಗಿತ್ತು. ಇದಕ್ಕೆ ಮಹತ್ತ್ವದ ಅಪವಾದವೊಂದು ಕಲ್ಕತ್ತೆಯಲ್ಲಿ ದೊರೆಯುತ್ತದೆ. 1899ರ ಏಪ್ರಿಲಿನಲ್ಲಿ ಸೋದರಿ ನಿವೇದಿತಾ ಅವರು ಸ್ವಾಮಿ ವಿವೇಕಾನಂದರ ಅಧ್ಯಕ್ಷತೆಯಲ್ಲಿ ಪ್ಲೇಗು ಮತ್ತು ವಿದ್ಯಾರ್ಥಿಗಳ ಕರ್ತವ್ಯವನ್ನು ಕುರಿತು ಉಪನ್ಯಾಸವಿತ್ತರು. ಅದನ್ನು ಕೇಳಿದ ಕೆಲವು ವಿದ್ಯಾರ್ಥಿಗಳು ಕೊಳೆಗೇರಿಗಳನ್ನು ಶುಚಿಗೊಳಿಸುವ ಕಾರ್ಯಕ್ಕೆ ಮುಂದೆ ಬಂದರು. ಅವರಿಗೆ ಭಯವಿರಲಿಲ್ಲವೆಂದು ಹೇಳಲಾಗದು. ಆ ಭಯಕ್ಕೆ ಕೈಗೆಟಕುವ ಒಂದು ಕೆಲಸ ದೊರೆಯಿತು ಎಂಬುದಷ್ಟೇ ವಿಶೇಷ. ಈ ಅಂಶವನ್ನು ಮುಂದೆ ಮತ್ತೆ ನೆನಪಿಸಿಕೊಳ್ಳಲಿದ್ದೇವೆ.

3

ಕೋವಿಡ್‌ನ ಚರಿತ್ರೆಯಲ್ಲಿ ವಿದ್ಯಾರ್ಥಿ ಮೊದಲ ಪುಟದಲ್ಲಿಯೇ ಇದ್ದಾನೆ. 2020ರ ಜನವರಿ 30ರಂದು ಭಾರತದಲ್ಲಿ ದೃಢಪಟ್ಟ ಮೊದಲ ಸೋಂಕು ಚೀನಾದ ವುಹಾನ್‌ನಿಂದ ಕೇರಳಕ್ಕೆ ಮರಳಿದ್ದ ವೈದ್ಯಕೀಯ ವಿದ್ಯಾರ್ಥಿನಿಯೊಬ್ಬರದು. ದೇಶದ ಮೊದಲ ಮೂರೂ ಪ್ರಕರಣಗಳು ಅಲ್ಲಿಂದ ಬಂದ ವಿದ್ಯಾರ್ಥಿಗಳವೇ. ಮೂರನೆಯದು ಕಾಸರಗೋಡು ಜಿಲ್ಲೆಯದು. ಹೀಗಾಗಿ ಈ ದೇಶದಲ್ಲಿ ವಿದ್ಯಾರ್ಥಿಯು ಭಯಪಡುವವನಾಗುವುದಕ್ಕೆ ಮೊದಲೇ ಇತರರ ಭಯದ ಆಲಂಬನವಾದನು. ಮಾರ್ಚ್ ತಿಂಗಳಲ್ಲಿ ವಸತಿನಿಲಯಗಳು ತೆರವಾದಾಗ ಊರಿಗೆ ಮರಳಿದ ವಿದ್ಯಾರ್ಥಿಗಳು ಎದುರಿಸಿದ ಶಂಕೆಯ ನೋಟಗಳಿಗೆ ಇದು ಪೀಠಿಕೆಯಾಯಿತು.

ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಜಾಗತಿಕ ಮಹಾಮಾರಿಯೆಂದು ಸಾರಿತು. ಅದೇ ವಾರ ಕಲಬುರಗಿಯಿಂದ ದೇಶದ ಮೊದಲ ಕೋವಿಡ್ ಸಾವಿನ ವಾರ್ತೆ ಬಂದಿತು. ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾಯಿತು. ಇದು ಆತಂಕದ ಮೊದಲ ಅರ್ಥದ ಕಾಲ, ರೋಗವೇ ಆತಂಕ. ಕರ್ನಾಟಕದ ಉತ್ತರ ಜಿಲ್ಲೆಗಳಿಂದ ಬಂದ ನಮ್ಮ ವಿದ್ಯಾರ್ಥಿಗಳು ಆ ದಿನಗಳಲ್ಲಿ ದೂರವಾಣಿಯಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ ಬಗೆಯದು: "ಊರಿಗೆ ಹೋದರೆ ಅಪ್ಪ ಅವ್ವನಿಗೆ ನಾವೇ ರೋಗ ಒಯ್ದಂಗ ಆಗ್ತದೇನ್ರೀ ಸರ್?" ತಮಗೆ ಏನಾದೀತೆಂದು ಕೇಳಿದವರು ಕಡಿಮೆ. ತರುಣರ ಈ ಮೊದಲ ಭಯವು ಪರಾರ್ಥದ ಭಯವಾಗಿತ್ತೆಂಬುದನ್ನು ಚರಿತ್ರಕಾರರು ದಾಖಲಿಸಬೇಕು.

4

ಏಪ್ರಿಲ್ ಕಳೆಯುವ ಹೊತ್ತಿಗೆ ಪ್ರಶ್ನೆ ಬದಲಾಯಿತು. "ಪರೀಕ್ಷೆ ಇದೆಯೊ ಇಲ್ಲವೊ, ಒಂದು ಮಾತು ಹೇಳಿಬಿಡಿ ಸರ್" ಎಂಬುದು ಆಗಿನ ಮಾತು. ಆತಂಕವು ಎರಡನೆಯ ಅರ್ಥಕ್ಕೆ, ಅಡ್ಡಿಯ ಅರ್ಥಕ್ಕೆ, ಹೊರಳಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಏಪ್ರಿಲ್ 29ರಂದು ಮಾರ್ಗಸೂಚಿಯನ್ನು ಹೊರಡಿಸಿತು. ಜುಲೈ 6ರಂದು ಅದನ್ನು ಪರಿಷ್ಕರಿಸಿ ಅಂತಿಮ ವರ್ಷದ ಪರೀಕ್ಷೆಗಳನ್ನು ಸೆಪ್ಟೆಂಬರಿನ ಕೊನೆಯೊಳಗೆ ಮುಗಿಸಬೇಕೆಂದಿತು. ಮಹಾರಾಷ್ಟ್ರ ಸರ್ಕಾರವು ಪರೀಕ್ಷೆ ಬೇಡವೆಂಬ ನಿಲುವನ್ನು ತಳೆದಿದ್ದರಿಂದ ಮುಂಬಯಿ, ಪುಣೆಗಳ ಕನ್ನಡ ವಿದ್ಯಾರ್ಥಿಗಳು ಎರಡು ಆಜ್ಞೆಗಳ ನಡುವೆ ಸಿಲುಕಿದರು. ಆಗಸ್ಟ್ 28ರಂದು ಸರ್ವೋಚ್ಚ ನ್ಯಾಯಾಲಯವು, ಪರೀಕ್ಷೆಯಿಲ್ಲದೆ ಅಂತಿಮ ವರ್ಷದವರನ್ನು ತೇರ್ಗಡೆಗೊಳಿಸುವಂತಿಲ್ಲ, ಆದರೆ ರಾಜ್ಯಗಳು ಕಾಲಾವಕಾಶವನ್ನು ಕೋರಬಹುದು ಎಂದು ತೀರ್ಪಿತ್ತ ಮೇಲಷ್ಟೇ ಈ ಡೋಲಾಯಮಾನ ಸ್ಥಿತಿ ನಿಂತಿತು. ಪರೀಕ್ಷೆ ನಡೆದರೆ ರೋಗದ ಭಯ, ನಡೆಯದಿದ್ದರೆ ವರ್ಷ ಕಳೆದುಹೋಗುವ ಭಯ. ಒಂದನ್ನು ನೀಗಿದರೆ ಇನ್ನೊಂದು ಬಲಿಯುವ ಇಂಥ ಸ್ಥಿತಿಯಲ್ಲಿ ಭಯವು ಚಿಂತೆಯಾಗಿ ಪರಿಣಮಿಸುವುದು ಸಹಜ. ಇದೇ ಅವಧಿಯಲ್ಲಿ ಕರ್ನಾಟಕವು ಜೂನ್ 25ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ನಡೆಸಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಅದಕ್ಕೆ ಹೆಸರು ನೋಂದಾಯಿಸಿದ್ದರು.

ಅಡ್ಡಿಯೆಂಬುದು ಕೆಲವರ ಪಾಲಿಗೆ ಅಕ್ಷರಶಃ ಅಡ್ಡಿಯೇ ಆಗಿತ್ತು. ಕಾಸರಗೋಡಿನ ಕನ್ನಡಿಗರಿಗೆ ಆಸ್ಪತ್ರೆಯೂ ಕಾಲೇಜೂ ಬಹುಮಟ್ಟಿಗೆ ಮಂಗಳೂರಿನಲ್ಲಿಯೇ. 2020ರ ಮಾರ್ಚಿನಲ್ಲಿ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿತು; ಹಲವು ರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ಈ ತಡೆಗಳನ್ನು ತೆಗೆಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. 2021ರಲ್ಲಿ ಗಡಿಯನ್ನು ದಾಟಲು ಆರ್‌ಟಿ-ಪಿಸಿಆರ್ ವರದಿ ಬೇಕೆಂಬ ನಿಯಮ ಬಂದಾಗ ದಿನವೂ ಓಡಾಡುವ ವಿದ್ಯಾರ್ಥಿಗಳೇ ಹೆಚ್ಚು ಬವಣೆಪಟ್ಟರು. ಭಾಷೆಯಿಂದ ಒಂದು ಕಡೆಗೂ ಆಡಳಿತದಿಂದ ಇನ್ನೊಂದು ಕಡೆಗೂ ಸೇರಿದ ಹೊರನಾಡ ಕನ್ನಡಿಗರ ಹಳೆಯ ಸಂಕಟವನ್ನು ಮಹಾಮಾರಿಯು ಮಣ್ಣಿನ ದಿಬ್ಬವಾಗಿ ಕಣ್ಣೆದುರು ನಿಲ್ಲಿಸಿತು ಎನ್ನಬಹುದು.

ಆನ್‌ಲೈನ್ ತರಗತಿಯು ಇನ್ನೊಂದು ಬಗೆಯ ಗಡಿ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017-18ರ ವರದಿಯಂತೆ ದೇಶದ ಕುಟುಂಬಗಳಲ್ಲಿ ಅಂತರ್ಜಾಲ ಸೌಲಭ್ಯವಿದ್ದವು ಸುಮಾರು ಶೇ. 24; ನಗರಗಳಲ್ಲಿ ಶೇ. 42, ಗ್ರಾಮಗಳಲ್ಲಿ ಶೇ. 15. ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಧರ್ಮ. ಹಾಜರಿ ಕಡಿಮೆಯಾದವರಿಗೆ ನಾವು ಎಚ್ಚರಿಕೆಯ ಪತ್ರವನ್ನು ಕಳುಹಿಸಿದೆವು. ಅವರಲ್ಲೊಬ್ಬಳು, ಮನೆಯ ಒಂದೇ ಫೋನನ್ನು ತಮ್ಮನಿಗೆ ಬಿಟ್ಟುಕೊಟ್ಟು, ಜ್ವರ ಬಂದ ತಾಯಿಯ ಶುಶ್ರೂಷೆಯಲ್ಲಿದ್ದಳೆಂಬುದು ನಮಗೆ ತಿಳಿದದ್ದು ಒಂದು ವರ್ಷದ ಮೇಲೆ. ನಾವು ಉದಾಸೀನವೆಂದು ಓದಿದ್ದು ದೈನ್ಯವಾಗಿತ್ತು. ಭಾವಗಳ ಸೂಕ್ಷ್ಮಭೇದಗಳನ್ನು ಮೂರು ದಶಕ ಪಾಠಹೇಳಿದ ನಾವು ಎದುರಿಗಿದ್ದ ಭಾವವನ್ನು ಗುರುತಿಸಲಾರದೆ ಹೋದೆವು.

5

2021ರ ಜನವರಿ 16ರಂದು ಲಸಿಕೆಯ ಕಾರ್ಯಕ್ರಮ ಆರಂಭವಾದಾಗ ಭಯ ಇಳಿಯಿತೆಂದು ಎಲ್ಲರೂ ಭಾವಿಸಿದ್ದರು. ಏಪ್ರಿಲ್-ಮೇ ತಿಂಗಳುಗಳ ಎರಡನೆಯ ಅಲೆಯು ಆ ನೆಮ್ಮದಿಯನ್ನು ಅಳಿಸಿತು. ಮೇ ತಿಂಗಳ ಮೊದಲ ಭಾಗದಲ್ಲಿ ದಿನಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಹೊಸ ಸೋಂಕುಗಳು ವರದಿಯಾದವು. ರೋಗದ ಭಯ ಮರಳಿತಾದರೂ ಅದು 2020ರ ಭಯವಾಗಿರಲಿಲ್ಲ. ಆಗ ರೋಗವು ವಾರ್ತೆಯಾಗಿತ್ತು. ಈಗ ಅದಕ್ಕೆ ಪರಿಚಿತರ ಮುಖಗಳಿದ್ದವು. ಆಮ್ಲಜನಕ, ಹಾಸಿಗೆ, ಔಷಧಗಳ ಮಾಹಿತಿಯನ್ನು ಹಗಲಿರುಳು ಸಂಗ್ರಹಿಸಿ ಅಪರಿಚಿತರಿಗೆ ತಲುಪಿಸಿದವರಲ್ಲಿ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. 1899ರ ಕಲ್ಕತ್ತೆಯ ತರುಣರನ್ನು ಇಲ್ಲಿ ನೆನೆಯಬೇಕು. ಆ ತಿಂಗಳುಗಳಲ್ಲಿ ಹೀಗೆ ದುಡಿದವರು ತಮ್ಮ ಭಯವನ್ನು ಕುರಿತು ಕಡಿಮೆ ಮಾತನಾಡಿದರು. ಕೆಲಸ ಮುಗಿದ ಮೇಲೆ ಶೋಕವು ಅವರನ್ನು ತಡವಾಗಿ ಹಿಡಿಯಿತು. ಕರ್ಮವು ಭಯವನ್ನು ನಾಶಮಾಡದು, ಮುಂದೂಡುವುದು ಎಂಬುದು ನಮ್ಮ ಅನಿಸಿಕೆ.

6

ಮೂರನೆಯ ಅರ್ಥವು ಅನಾವರಣಗೊಂಡದ್ದು ರೋಗವು ಹಿಂದೆ ಸರಿದ ಮೇಲೆ. 2021ರ ಜೂನ್ 1ರಂದು ಕೇಂದ್ರೀಯ ಮಂಡಳಿಯ ಹನ್ನೆರಡನೆಯ ತರಗತಿಯ ಪರೀಕ್ಷೆ ರದ್ದಾಯಿತು. ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯು ಜುಲೈ 19 ಮತ್ತು 22ರ ಎರಡು ದಿನಗಳಿಗೆ ಮೊಟಕಾಯಿತು. ಅಡ್ಡಿ ನಿವಾರಣೆಯಾಯಿತು, ಆದರೆ ಆತಂಕ ನಿವಾರಣೆಯಾಗಲಿಲ್ಲ. 'ಕೊರೋನಾ ಬ್ಯಾಚ್' ಎಂಬ ಕುಹಕದ ಮಾತು ಹುಟ್ಟಿಕೊಂಡಿತು. ಪರೀಕ್ಷೆಯನ್ನು ಬರೆಯದೆ ಪಡೆದ ಅಂಕ ತನ್ನದೆಂದು ಹೇಳಿಕೊಳ್ಳಲು ಪ್ರತಿಭಾವಂತರೂ ಅಂಜಿದರು. 2022ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಸಾಮಾನ್ಯ ಪರೀಕ್ಷೆಯು ಹೊಸದಾಗಿ ಬಂದಾಗ, ಅದು ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆದರೂ, ಈ ಅಂಜಿಕೆ ಇಮ್ಮಡಿಸಿತು. ತರಗತಿಗೆ ಮರಳಿದವರ ಮೌನವನ್ನು ನಾವು ಬಲ್ಲೆವು. ಎದ್ದುನಿಂತು ಉತ್ತರಿಸಲು, ಮುಖಗವಸನ್ನು ತೆಗೆಯಲು, ಸಾಲಿನಲ್ಲಿ ಕುಳಿತು ಬರೆಯಲು ಅವರು ಹಿಂಜರಿಯುತ್ತಿದ್ದರು. ರೋಗವೂ ಇಲ್ಲ, ಅಡ್ಡಿಯೂ ಇಲ್ಲ. ಭಯದ ಆಲಂಬನ ಈಗ ತಾನೇ ಆಗಿತ್ತು. ಶಂಕೆಯು ಒಳಮುಖವಾಗಿ ನಿರ್ವೇದದ ಅಂಚನ್ನು ಮುಟ್ಟಿತ್ತು.

ಇದು ಅಲಂಕಾರದ ಮಾತಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಗಳಂತೆ ಆತ್ಮಹತ್ಯೆಗೀಡಾದ ವಿದ್ಯಾರ್ಥಿಗಳ ಸಂಖ್ಯೆ 2019ರಲ್ಲಿ 10,335, 2020ರಲ್ಲಿ 12,526, 2021ರಲ್ಲಿ 13,089. ಈ ಏರಿಕೆಗೆ ಮಹಾಮಾರಿಯೊಂದೇ ಕಾರಣವೆಂದು ಈ ಅಂಕಿಗಳು ಹೇಳುವುದಿಲ್ಲ; ಹಾಗೆ ಹೇಳಿಸುವುದು ಶಾಸ್ತ್ರಸಮ್ಮತವೂ ಅಲ್ಲ. ಆದರೆ ಸೋಂಕಿನ ರೇಖೆ ಇಳಿದೊಡನೆ ವಿದ್ಯಾರ್ಥಿಯ ಕಳವಳವೂ ಇಳಿಯಿತೆಂದು ಊಹಿಸಿಕೊಂಡು ಪಾಠ, ಪರೀಕ್ಷೆ, ಹಾಜರಿಗಳ ಹಳೆಯ ಗತಿಗೆ ಮರಳಿದ ನಮ್ಮಂಥವರನ್ನು ಅವು ತಡೆದು ನಿಲ್ಲಿಸುತ್ತವೆ.

7

ಇಷ್ಟರಿಂದ ಎರಡು ನಿರ್ಣಯಗಳಿಗೆ ಬರಬಹುದಾಗಿದೆ. ಮೊದಲನೆಯದು, ರೋಗದ ಭಯವು ರೋಗದೊಡನೆ ಏರಿಳಿಯುತ್ತದೆ, ಆತಂಕ ಹಾಗಲ್ಲ. ಅದು ದೇಹದಿಂದ ವರ್ಷಕ್ಕೆ, ವರ್ಷದಿಂದ ಯೋಗ್ಯತೆಗೆ ತನ್ನ ಆಲಂಬನವನ್ನು ಬದಲಿಸುತ್ತ ಹೋಗುತ್ತದೆ. ಆದುದರಿಂದ ಒಂದೇ ದಿನ ಒಂದೇ ಪ್ರಶ್ನಾವಳಿಯಿಂದ ಅಳೆದ ಭಯವು ಎಷ್ಟೆಂಬುದನ್ನು ತಿಳಿಸೀತು. ಯಾವುದರದು ಎಂಬುದನ್ನು ತಿಳಿಸಲಾರದು. ಅಂತರ್ಜಾಲದ ಮೂಲಕ ನಡೆದ ಸಮೀಕ್ಷೆಗಳಿಗೆ ಫೋನಿಲ್ಲದವರ ಭಯ ಸಿಕ್ಕದೆಂಬುದೂ ಇದಕ್ಕೆ ಸೇರಬೇಕಾದ ಮಾತು.

ಎರಡನೆಯದು ಆಕರಗಳಿಗೆ ಸಂಬಂಧಿಸಿದ್ದು. ಪ್ಲೇಗಿನ ಕಾಲದ ಸರ್ಕಾರಿ ದಾಖಲೆಗಳು ವಿಪುಲವಾಗಿವೆ. ಆ ಕಾಲದ ವಿದ್ಯಾರ್ಥಿಯ ದನಿ ಅವುಗಳಲ್ಲಿ ಇಲ್ಲವೆನ್ನುವಷ್ಟು ಕ್ಷೀಣ. 2020ರ ದನಿ ಇನ್ನೂ ಉಳಿದಿದೆ, ಆದರೆ ಹಳೆಯ ಫೋನುಗಳಲ್ಲಿ, ಅಳಿಸಿಹೋಗುತ್ತಿರುವ ಸಂದೇಶಗಳಲ್ಲಿ, ವಿಭಾಗಗಳ ಕಪಾಟಿನ ರಜಾ ಅರ್ಜಿಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿಯ ಅಂತ್ಯವನ್ನು ಸಾರಿತು. ಆ ವರ್ಷಗಳ ವಿದ್ಯಾರ್ಥಿಗಳು ಈಗ ಊರೂರಿಗೆ ಚದುರಿದ್ದಾರೆ. ಹೊರನಾಡಿನ ಕನ್ನಡ ವಿಭಾಗಗಳು ತಮ್ಮ ತಮ್ಮ ವಿದ್ಯಾರ್ಥಿಗಳಿಂದ, ಅವರ ಅನುಮತಿಯೊಡನೆ, ಹೆಸರುಗಳನ್ನು ಮರೆಮಾಡಿ, ಈ ಪತ್ರಗಳನ್ನೂ ನೆನಪುಗಳನ್ನೂ ಸಂಗ್ರಹಿಸಿದರೆ ಕನ್ನಡದಲ್ಲಿ ಅಪೂರ್ವವಾದ ಆಕರವೊಂದು ಸಿದ್ಧವಾದೀತು. ನಮ್ಮ ಪೀಠವು ಕಳುಹಿಸಿದ್ದ ಆ ಎಚ್ಚರಿಕೆಯ ಪತ್ರದ ಪ್ರತಿಯೂ ನಮ್ಮ ಕಡತದಲ್ಲಿ ಇದೆ. ಸಂಗ್ರಹದಲ್ಲಿ ಅದಕ್ಕೂ ಒಂದು ಸ್ಥಾನವಿರಬೇಕೆಂದು ನಾವು ಬಯಸುತ್ತೇವೆ.