ಬಿಸಿಲಿನಲ್ಲಿ ಅಳೆದ ಎಣ್ಣೆ: ಐನ್ ಖಾಲಿದ್‌ನ ಐಷಾರಾಮಿ ಕಾರುಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕುರಿತು ಒಂದು ಟಿಪ್ಪಣಿ

ದೋಹಾ ನಗರದ ನೈಋತ್ಯಕ್ಕೆ, ಸಲ್ವಾ ರಸ್ತೆಗೆ ಹೊಂದಿಕೊಂಡು ಬೆಳೆದ ಬಡಾವಣೆ ಐನ್ ಖಾಲಿದ್. ವಿಲ್ಲಾಗಳು, ಕಾಂಪೌಂಡುಗಳು, ಅಂಗಡಿ ಸಾಲುಗಳು. ಹತ್ತಿರದಲ್ಲೇ ಇಂಡಸ್ಟ್ರಿಯಲ್ ಏರಿಯಾ, ಅಲ್ಲಿ ದುಡಿಯುವವರ ಬಾಯಲ್ಲಿ ‘ಸನಾಯಾ’. ಬಡಾವಣೆಯ ಮನೆಗಳ ಮುಂದೆ ನಿಂತ ಐಷಾರಾಮಿ ಕಾರುಗಳು ವಾರಂಟಿ ಮುಗಿದ ಮೇಲೆ ರಿಪೇರಿಗೆ ಸಾಮಾನ್ಯವಾಗಿ ಹಿಡಿಯುವುದು ಸನಾಯಾದ ದಾರಿಯನ್ನೇ. ಕತಾರಿನ ಕನ್ನಡ ಕುಟುಂಬಗಳಲ್ಲೂ ಕೆಲವು ವರ್ಷ ಓಡಿದ ಬಿಎಂಡಬ್ಲ್ಯು, ಮರ್ಸಿಡಿಸ್, ಲೆಕ್ಸಸ್ ಕಾರನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡವರಿದ್ದಾರೆ. ಇಂಥ ಕಾರಿನ ಮಾಲೀಕರು ಕೇಳಲು ಹೆದರುವ ಮಾತು ಒಂದಿದೆ: ‘ಗೇರ್‌ಬಾಕ್ಸ್ ಹೋಗಿದೆ.’

ಆ ತೀರ್ಮಾನಕ್ಕೆ ಬರುವ ಮುನ್ನ ನೋಡಬೇಕಾದ ಸಂಗತಿಗಳಲ್ಲಿ ಒಂದಕ್ಕೆ ಇಲ್ಲಿ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಕೊಲ್ಲಿಯ ಬೇಸಿಗೆಯಲ್ಲಿ, ಹಗಲು ಹೊತ್ತಿನಲ್ಲಿ, ಇಂದಿನ ಗೇರ್‌ಬಾಕ್ಸ್‌ಗಳ ಎಣ್ಣೆಯ ಮಟ್ಟವನ್ನು ತಯಾರಕರು ಹೇಳಿದ ಕ್ರಮದಲ್ಲಿ ಅಳೆಯುವುದು ಬಹುಮಟ್ಟಿಗೆ ಅಸಾಧ್ಯ. ಆ ಬಿಸಿಯಲ್ಲೇ ಅಳೆದು ಬಿಟ್ಟ ಗೇರ್‌ಬಾಕ್ಸ್‌ನಲ್ಲಿ ಎಣ್ಣೆ ಕಡಿಮೆ ಉಳಿಯುತ್ತದೆ, ಆ ಕೊರತೆ ಮುಂದೆ ಬೇರೆ ಕಾಯಿಲೆಯ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ.

ಇದು ಅರ್ಥವಾಗಲು ಅಳತೆಯ ವಿಧಾನ ತಿಳಿದಿರಬೇಕು. ಜರ್ಮನಿಯ ಝಡ್‌ಎಫ್ ಸಂಸ್ಥೆ 1915ರಲ್ಲಿ ಝೆಪೆಲಿನ್ ವಾಯುನೌಕೆಗಳಿಗೆ ಗೇರು ಮಾಡಲು ಹುಟ್ಟಿದ್ದು. ಅದರ ಆರು ವೇಗದ 6ಎಚ್‌ಪಿ ಪೆಟ್ಟಿಗೆ 2001ರಲ್ಲಿ ಬಿಎಂಡಬ್ಲ್ಯು 7 ಸೀರೀಸ್‌ನಲ್ಲಿ ಬಂತು, ಎಂಟು ವೇಗದ 8ಎಚ್‌ಪಿ 2009ರಲ್ಲಿ ಅದೇ ಸಾಲಿನ ಕಾರಿನಲ್ಲಿ. ಇವುಗಳಲ್ಲಿ ಎಣ್ಣೆ ನೋಡುವ ಕಡ್ಡಿಯೇ ಇಲ್ಲ. ಕಾರನ್ನು ಸಮತಟ್ಟಾಗಿ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಬ್ರೇಕ್ ಒತ್ತಿ ಹಿಡಿದು ಆರ್ ಮತ್ತು ಡಿ ಸ್ಥಾನಗಳಲ್ಲಿ ಕೆಲವು ಸೆಕೆಂಡು ನಿಲ್ಲಿಸಿ, ಪಿಗೆ ತಂದು, ಪಕ್ಕದ ಬಿರಡೆ ತೆಗೆಯಬೇಕು. ಆ ರಂಧ್ರದ ಅಂಚಿನಿಂದ ಎಣ್ಣೆ ತೆಳುವಾಗಿ ಹರಿದು ತೊಟ್ಟಿಕ್ಕುವ ಹಂತಕ್ಕೆ ಬಂದರೆ ಮಟ್ಟ ಸರಿ. ಷರತ್ತು ಒಂದೇ: ಆಗ ಎಣ್ಣೆಯ ತಾಪಮಾನ 30ರಿಂದ 50 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಮರ್ಸಿಡಿಸ್‌ನ ಏಳು ವೇಗದ 722.9 ಮತ್ತು ಕಡ್ಡಿಯಿಲ್ಲದ ಟೊಯೋಟಾ, ಲೆಕ್ಸಸ್ ಪೆಟ್ಟಿಗೆಗಳದ್ದೂ ಸುಮಾರಾಗಿ ಇದೇ ಕ್ರಮ, ಇದರ ಆಸುಪಾಸಿನದೇ ತಾಪಮಾನ.

ಈಗ ದೋಹಾದ ಹವೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಜುಲೈ ತಿಂಗಳ ಸರಾಸರಿ ಗರಿಷ್ಠ ತಾಪಮಾನವೇ 40 ದಾಟುತ್ತದೆ. 2010ರ ಜುಲೈ 14ರಂದು 50.4 ಡಿಗ್ರಿ ದಾಖಲಾಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ ನಿಂತ ಕಾರಿನ ಗೇರ್‌ಬಾಕ್ಸ್ ಎಂಜಿನ್ ಚಾಲೂ ಮಾಡುವ ಮೊದಲೇ 45ರ ಹತ್ತಿರ ಇರುತ್ತದೆ. ಆರ್, ಡಿ ಸ್ಥಾನಗಳಲ್ಲಿ ಹಿಡಿದು ಬರುವಷ್ಟರಲ್ಲಿ 50 ಮೀರುತ್ತದೆ. ಇನ್ನು ಸಲ್ವಾ ರಸ್ತೆಯಲ್ಲಿ ಓಡಿಸಿಕೊಂಡು ಬಂದು ನೇರ ಲಿಫ್ಟ್ ಏರಿದ ಕಾರಿನ ಎಣ್ಣೆ 80, 90 ಡಿಗ್ರಿಯಲ್ಲಿರುತ್ತದೆ. 45 ಡಿಗ್ರಿಯ ಗಾಳಿಯಲ್ಲಿ ಅದು 50ಕ್ಕೆ ಇಳಿಯಲು ಇಡೀ ಮಧ್ಯಾಹ್ನವೂ ಸಾಲದು.

ಬಿಸಿ ಎಣ್ಣೆ ಹಿಗ್ಗುತ್ತದೆ, ಹಿಗ್ಗಿದ್ದು ಬಿರಡೆಯಿಂದ ಹೊರಗೆ ಹರಿಯುತ್ತದೆ. ಎಷ್ಟು ಎಂಬುದಕ್ಕೆ ಅಂದಾಜು ಲೆಕ್ಕ ಕೊಡಬಹುದು. ಖನಿಜ ಮೂಲದ ಎಣ್ಣೆ ಒಂದು ಡಿಗ್ರಿಗೆ ಸುಮಾರು ಹತ್ತು ಸಾವಿರದಲ್ಲಿ ಏಳೂವರೆ ಭಾಗ ಹಿಗ್ಗುತ್ತದೆ. ಒಂಬತ್ತು ಲೀಟರ್ ಹಿಡಿಯುವ ಪೆಟ್ಟಿಗೆಯನ್ನು 40ರ ಬದಲು 70 ಡಿಗ್ರಿಯಲ್ಲಿ ಅಳೆದರೆ 200 ಮಿಲಿಲೀಟರ್ ಎಣ್ಣೆ ಹೆಚ್ಚುವರಿಯಂತೆ ತೋರಿ ತಟ್ಟೆಗೆ ಬೀಳುತ್ತದೆ. ಎಂಜಿನ್ ಆರಿಸಿ ಬಿರಡೆ ತೆಗೆದರಂತೂ, ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರುಗಳಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಿಂದ ಇಳಿದು ಬಂದ ಎಣ್ಣೆಯೂ ಸೇರಿ ನಷ್ಟ ಇದರ ಹಲವು ಪಟ್ಟು. 200 ಮಿಲಿಲೀಟರ್ ಮಾತ್ರವೇ ಒಂದು ಗೇರ್‌ಬಾಕ್ಸನ್ನು ಕೊಲ್ಲುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಅದರ ಜೊತೆ ಹಳೆಯ ಸೀಲಿನ ಸಣ್ಣ ಸೋರಿಕೆ ಸೇರಿತು, ಕಾರು ಜೋರಾಗಿ ತಿರುವು ತೆಗೆದುಕೊಂಡಿತು ಅಥವಾ ಮರಳ ದಿಬ್ಬದಲ್ಲಿ ಓರೆಯಾಯಿತು ಎನ್ನಿ. ಪಂಪಿನ ಬಾಯಿಗೆ ಎಣ್ಣೆಯ ಬದಲು ಗಾಳಿ ಸಿಗುತ್ತದೆ. ಗಾಳಿ ಬೆರೆತ ಎಣ್ಣೆ ಒತ್ತಡ ಕಟ್ಟುವುದಿಲ್ಲ, ಕ್ಲಚ್ ಪೂರ್ತಿ ಹಿಡಿಯುವುದಿಲ್ಲ, ಜಾರಿದ ಕ್ಲಚ್ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ.

ಪರಿಹಾರಕ್ಕೆ ಹಣ ಬೇಡ, ಹೊತ್ತಿನ ಆಯ್ಕೆ ಸಾಕು. ಕಾರನ್ನು ಮುನ್ನಾ ಸಂಜೆಯೇ ವರ್ಕ್‌ಶಾಪಿನಲ್ಲಿ ಬಿಟ್ಟು ಬರಬೇಕು. ನಡುಬೇಸಿಗೆಯ ದೋಹಾದಲ್ಲಿ ರಾತ್ರಿಯ ಕನಿಷ್ಠ ತಾಪಮಾನ ಸುಮಾರು 31 ಡಿಗ್ರಿ. ಆದ್ದರಿಂದ ಬೆಳಗಿನ ಐದು, ಆರು ಗಂಟೆಗೆ ಎಣ್ಣೆ 35ರ ಆಸುಪಾಸಿನಲ್ಲಿರುತ್ತದೆ, ಮೆಕ್ಯಾನಿಕ್‌ಗೆ ಹದಿನೈದು ಡಿಗ್ರಿಯ ಅವಕಾಶ ಸಿಗುತ್ತದೆ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸವನ್ನು ಕತಾರ್ 2021ರಿಂದ ನಿಷೇಧಿಸಿದೆ. ದುಡಿಯುವವರ ಜೀವ ಉಳಿಸಲು ಬಂದ ನಿಯಮ ಅದು, ಬರಲೇಬೇಕಿತ್ತು. ಬೆಳಗಿನ ಹೊತ್ತಿಗೆ ಕೆಲಸ ಸರಿಸುವ ಆ ರೂಢಿಯೊಳಗೆ ಗೇರ್‌ಬಾಕ್ಸ್ ಅಳತೆಯೂ ಸುಲಭವಾಗಿ ಕೂರುತ್ತದೆ. ತಾಪಮಾನವನ್ನು ಓದಬೇಕಾದ್ದು ಸ್ಕ್ಯಾನರ್ ಮೂಲಕ, ಗೇರ್‌ಬಾಕ್ಸ್‌ನ ಸ್ವಂತ ಸೆನ್ಸರ್‌ನಿಂದ. ತಳದ ತಟ್ಟೆಗೆ ಲೇಸರ್ ಗನ್ ಹಿಡಿದರೆ ಸಿಗುವುದು ತಟ್ಟೆಯ ಮೈಬಿಸಿ ಮಾತ್ರ.

ಒಂದು ಸಂಗತಿಯನ್ನು ಇಲ್ಲೇ ಹೇಳಬೇಕು. 1996ರಲ್ಲಿ ಬಂದ ಮರ್ಸಿಡಿಸ್ 722.6 ಐದು ವೇಗದ ಪೆಟ್ಟಿಗೆಗೆ ಎಣ್ಣೆಯ ಕೊಳವೆ ಇದೆ, ವರ್ಕ್‌ಶಾಪಿನ ಕಡ್ಡಿಯನ್ನು ಅದರೊಳಗೆ ಇಳಿಸಿ ನೋಡಬಹುದು. ಆ ಕಡ್ಡಿಯಲ್ಲಿ 25 ಡಿಗ್ರಿಗೆ ಒಂದು ಗುರುತು, 80 ಡಿಗ್ರಿಗೆ ಇನ್ನೊಂದು. ಓಡಿಸಿಕೊಂಡು ಬಂದು ಬಿಸಿಯಲ್ಲೇ ಅಳೆಯಬಹುದಾದ ಈ ಹಳೆಯ ಏರ್ಪಾಟು ಮರಳುನಾಡಿನ ಹವೆಗೆ ಹೊಸದಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ಅದನ್ನು ಕೈಬಿಟ್ಟದ್ದು ಬಳಕೆದಾರನಿಗಾದ ನಷ್ಟವೆಂದೇ ನಾನು ಭಾವಿಸುತ್ತೇನೆ.

ಹೊರಗಿನ ಬಿಸಿ ಓಡುವ ಗೇರ್‌ಬಾಕ್ಸ್‌ಗೆ ನೇರವಾಗಿ ತಟ್ಟುವುದಿಲ್ಲ ಎಂಬ ಆಕ್ಷೇಪ ಬರಬಹುದು, ಅದರಲ್ಲಿ ಅರ್ಧ ನಿಜವಿದೆ. ಎಣ್ಣೆಯ ಬಿಸಿಯನ್ನು ಎಂಜಿನ್ನಿನ ಶೀತಕ ದ್ರವ ಹೊತ್ತೊಯ್ಯುತ್ತದೆ, ಆ ದ್ರವದ ತಾಪಮಾನವನ್ನು ಥರ್ಮೋಸ್ಟಾಟ್ ಹಿಡಿತದಲ್ಲಿಡುತ್ತದೆ. ಹೊರಗೆ 20 ಡಿಗ್ರಿ ಏರಿತೆಂದು ಎಣ್ಣೆಯೂ 20 ಡಿಗ್ರಿ ಏರುವುದಿಲ್ಲ. ಕುಗ್ಗುವುದು ತಾಳಿಕೆಯ ಅಂಚು. ಶೀತಕ 105 ಡಿಗ್ರಿ, ಗಾಳಿ 25 ಆಗಿದ್ದರೆ ರೇಡಿಯೇಟರ್‌ಗೆ 80 ಡಿಗ್ರಿಯ ಅಂತರ ಸಿಗುತ್ತದೆ. ಗಾಳಿ 45 ಆದರೆ ಉಳಿಯುವುದು 60, ಅಂದರೆ ಬಿಸಿ ಹೊರಹಾಕುವ ಸಾಮರ್ಥ್ಯದಲ್ಲಿ ಕಾಲು ಭಾಗ ಖೋತಾ. ಮುಂದಿರುವ ಎಸಿ ಕಂಡೆನ್ಸರ್ ಆ ಗಾಳಿಯನ್ನು ಇನ್ನೊಂದು ಹತ್ತು ಡಿಗ್ರಿ ಬಿಸಿ ಮಾಡಿಯೇ ಹಿಂದಕ್ಕೆ ಕಳಿಸುತ್ತದೆ, ಶಮಾಲ್ ಗಾಳಿ ತಂದ ಧೂಳು ಎರಡರ ಸಂದುಗಳಲ್ಲೂ ಕೂರುತ್ತದೆ. ಸಾಮಾನ್ಯ ಓಟದಲ್ಲಿ ಇದು ಗೊತ್ತಾಗದು. ಮೆಸಯೀದ್ ಆಚೆಯ ಸೀಲೈನ್, ಖೋರ್ ಅಲ್ ಅದೈದ್ ಮರಳಿಗೆ ಲೆಕ್ಸಸ್ ಎಲ್‌ಎಕ್ಸ್ ಇಳಿದಾಗ ಗೊತ್ತಾಗುತ್ತದೆ. ಅಲ್ಲಿ ವೇಗ ಕಡಿಮೆ, ಭಾರ ಹೆಚ್ಚು, ಟಾರ್ಕ್ ಕನ್ವರ್ಟರ್ ಬಹುಕಾಲ ಜಾರುತ್ತಲೇ ಇರುತ್ತದೆ. ಎಂಜಿನ್ 60 ಕಿಲೋವ್ಯಾಟ್ ಕೊಡುತ್ತಿದೆ, ಕನ್ವರ್ಟರ್‌ನ ಹೊರತುದಿ ಒಳತುದಿಯ ಅರ್ಧ ವೇಗದಲ್ಲಿ ಒಂದೂವರೆ ಪಟ್ಟು ಟಾರ್ಕ್ ಕೊಡುತ್ತಿದೆ ಎಂದುಕೊಂಡರೆ ಚಕ್ರಕ್ಕೆ ಹೋಗುವುದು ಮುಕ್ಕಾಲು ಪಾಲು. ಉಳಿದ 15 ಕಿಲೋವ್ಯಾಟ್ ಎಣ್ಣೆಗೆ ಬಿಸಿಯಾಗಿ ಇಳಿಯುತ್ತದೆ, ಬಚ್ಚಲುಮನೆಯ ಏಳು ಗೀಸರ್‌ಗಳನ್ನು ಒಟ್ಟಿಗೆ ಹಚ್ಚಿದ ಹಾಗೆ. ದಿಬ್ಬಗಳಲ್ಲಿ ಲೋ ರೇಂಜ್ ಬಳಸುವುದು, ಟೈರಿನ ಗಾಳಿ ಇಳಿಸುವುದು, ಸಿಕ್ಕಿಬಿದ್ದಾಗ ಆಕ್ಸಿಲರೇಟರ್ ಒತ್ತುತ್ತಲೇ ಇರದೆ ಇಳಿದು ಮರಳು ತೋಡುವುದು ಇವೆಲ್ಲ ಗೇರ್‌ಬಾಕ್ಸ್ ರಕ್ಷಣೆಯ ಕ್ರಮಗಳೂ ಹೌದು.

‘ಜೀವನಪೂರ್ತಿ ಎಣ್ಣೆ’ ಎಂಬ ನಂಬಿಕೆಯನ್ನು ಈ ಹಿನ್ನೆಲೆಯಲ್ಲಿ ತೂಗಬೇಕು. ಕಾರು ಕಂಪನಿಗಳು ಹಲವು ಮಾದರಿಗಳಿಗೆ ಎಣ್ಣೆ ಬದಲಿಸುವ ಅಗತ್ಯವಿಲ್ಲವೆಂದವು. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಮಾತ್ರ 80,000ದಿಂದ 1,20,000 ಕಿಲೋಮೀಟರ್ ಒಳಗೆ, ತಡವೆಂದರೆ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಮರ್ಸಿಡಿಸ್ ಕೂಡ ಬದಲಾವಣೆಯ ಸಲಹೆಗೆ ಮರಳಿತು. ತಾಪಮಾನ ಹತ್ತು ಡಿಗ್ರಿ ಏರಿದರೆ ಎಣ್ಣೆ ಹಳಸುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಸ್ಥೂಲ ನಿಯಮ. ಹೀಗಾಗಿ ಐನ್ ಖಾಲಿದ್‌ನ ಕಾರಿಗೆ ನನ್ನ ಸಲಹೆ 60,000 ಕಿಲೋಮೀಟರ್, ಮರಳಿಗೆ ಇಳಿಯುವ ಕಾರಿಗೆ ಇನ್ನೂ ಬೇಗ. ಝಡ್‌ಎಫ್ ಪೆಟ್ಟಿಗೆಗಳಲ್ಲಿ ಫಿಲ್ಟರ್ ಪ್ಲಾಸ್ಟಿಕ್ ತಟ್ಟೆಯೊಳಗೇ ಇರುವುದರಿಂದ ತಟ್ಟೆಯನ್ನೇ ಬದಲಿಸಬೇಕು. ತಟ್ಟೆ ಬಿಚ್ಚಿದಾಗ ಅಯಸ್ಕಾಂತಕ್ಕೆ ಅಂಟಿದ ನುಣ್ಣನೆಯ ಬೂದು ಲೇಪ ಸಹಜ ಸವೆತ. ಹೊಳೆಯುವ ಚೂರು, ಕಂಚಿನ ಬಣ್ಣದ ಕಣ, ಸುಟ್ಟ ವಾಸನೆ ಕಂಡರೆ ಮಾತು ಬೇರೆ.

ರೋಗ ಗುರುತಿಸುವಾಗ ಮಾಲೀಕರ ಮಾತಿಗೆ ಬಹಳ ಬೆಲೆಯಿದೆ. ‘ಜರ್ಕ್ ಹೊಡೆಯುತ್ತದೆ’ ಎಂದಷ್ಟೇ ಹೇಳಿದರೆ ಸಾಲದು. ಯಾವ ಗೇರಿನಲ್ಲಿ, ಬಿಸಿಯಲ್ಲೋ ತಣ್ಣಗಿದ್ದಾಗಲೋ, ಏರುವಾಗಲೋ ಇಳಿಯುವಾಗಲೋ ಹೇಳಬೇಕು. ಎಣ್ಣೆ ಬಿಸಿಯಾದ ಮೇಲೆ ಎರಡರಿಂದ ಒಂದಕ್ಕೆ ಇಳಿಯುವಾಗಿನ ಹೊಡೆತ, ಗೇರ್ ಏರುವಾಗ ಎಂಜಿನ್ ಒಮ್ಮೆ ಸುಮ್ಮನೆ ಕಿರುಚುವುದು, ಇವು 6ಎಚ್‌ಪಿಯಲ್ಲಿ ಬಹಳ ಸಲ ಗೇರ್ ಬದಲಾವಣೆಯನ್ನು ನಿಯಂತ್ರಿಸುವ ಮೆಕಟ್ರಾನಿಕ್ ಘಟಕ ಮತ್ತು ಪೆಟ್ಟಿಗೆಯ ನಡುವಿನ ರಬ್ಬರ್ ಸೀಲುಗಳು ಬಿಸಿಗೆ ಗಡುಸಾಗಿ ಒತ್ತಡ ಸೋರುವುದರ ಚಿಹ್ನೆ. ಅಂಗೈಯಲ್ಲಿ ಹಿಡಿಸುವ ಆ ಸೀಲುಗಳ ಬೆಲೆಗೂ ಇಡೀ ಗೇರ್‌ಬಾಕ್ಸ್ ಬೆಲೆಗೂ ಹೋಲಿಕೆಯೇ ಇಲ್ಲ. 722.6ರಲ್ಲಿ ಸೋರುವುದು ವಿದ್ಯುತ್ ಪ್ಲಗ್ಗಿನ ಓ ರಿಂಗ್. ಅಲ್ಲಿಂದ ಎಣ್ಣೆ ವೈರಿನೊಳಗೇ ಏರಿ ಕಂಟ್ರೋಲ್ ಯೂನಿಟ್ ತಲುಪಿದ ಉದಾಹರಣೆಗಳು ಮೆಕ್ಯಾನಿಕ್‌ಗಳಿಗೆ ಚಿರಪರಿಚಿತ.

ಅರವತ್ತು, ಎಂಬತ್ತು ಕಿಲೋಮೀಟರ್ ವೇಗದಲ್ಲಿ, ಹಗುರ ಆಕ್ಸಿಲರೇಟರ್‌ನಲ್ಲಿ, ಸಣ್ಣ ಉಬ್ಬುಗಳ ಮೇಲೆ ಹೋದಂಥ ನಡುಕ ಬಂದರೆ ಕನ್ವರ್ಟರ್‌ನ ಎರಡು ತುದಿಗಳನ್ನು ಜಾರದಂತೆ ಬೆಸೆಯುವ ಲಾಕಪ್ ಕ್ಲಚ್ ಮೇಲೆ ಅನುಮಾನ. ಖಾಲಿ ರಸ್ತೆಯಲ್ಲಿ ಬ್ರೇಕ್ ಪೆಡಲನ್ನು ದೀಪ ಹೊತ್ತುವಷ್ಟೇ ಮುಟ್ಟಿದರೆ ಹಲವು ಕಾರುಗಳಲ್ಲಿ ಲಾಕಪ್ ಬಿಡುತ್ತದೆ. ನಡುಕ ಆಗ ನಿಂತರೆ ಅನುಮಾನ ಬಲವಾಯಿತು. ನಿಲ್ಲದಿದ್ದರೆ ಎಂಜಿನ್ನಿನ ಮಿಸ್‌ಫೈರ್, ಸವೆದ ಮೌಂಟಿಂಗ್ ಕಡೆ ನೋಡಬೇಕು. ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಕೂಲರ್ ಒಡೆದು ಶೀತಕ ಒಳಗೆ ಬಂದಿದೆ, ಅದು ಕ್ಲಚ್ಚಿನ ಕಾಗದದಂಥ ಲೇಪವನ್ನೇ ಕಿತ್ತುಹಾಕುತ್ತದೆ. ಅಂಥ ಕಾರನ್ನು ಓಡಿಸದೆ ಟೋ ಮಾಡಿಸಬೇಕು.

ಸ್ಕ್ಯಾನರ್ ಕೊಡುವ ಪಿ0730 ‘ಗೇರ್ ಅನುಪಾತ ತಪ್ಪಿದೆ’ ಎಂದಷ್ಟೇ ಹೇಳುತ್ತದೆ, ಪಿ0741 ಲಾಕಪ್ ಸರಿಯಾಗಿ ಹಿಡಿದಿಲ್ಲವೆಂದು, ಪಿ0218 ಎಣ್ಣೆ ಅತಿಯಾಗಿ ಕಾಯ್ದಿದೆಯೆಂದು. ಯಾವುದೂ ಭಾಗದ ಹೆಸರು ಹೇಳುವುದಿಲ್ಲ. ಕೋಡ್ ಓದುವ ಮೊದಲು ಬ್ಯಾಟರಿ ಪರೀಕ್ಷಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕೊಲ್ಲಿಯ ಸೆಕೆಗೆ ಬ್ಯಾಟರಿ ಬೇಗ ಸೊರಗುತ್ತದೆ, ವೋಲ್ಟೇಜ್ ಕುಸಿದಾಗ ಗೇರ್‌ಬಾಕ್ಸ್ ಕಂಪ್ಯೂಟರ್ ಇಲ್ಲದ ದೋಷವನ್ನೂ ದಾಖಲಿಸುತ್ತದೆ. ಇಷ್ಟೆಲ್ಲ ನೋಡದೆ ಹಳೆಯ ಗೇರ್‌ಬಾಕ್ಸ್ ತರಿಸಿ ಕೂರಿಸಲು ಮುಂದಾದವರಿಗೆ ಇನ್ನೊಂದು ತೊಡಕು ಕಾದಿರುತ್ತದೆ: ಅದರೊಳಗಿನ ಮೆಕಟ್ರಾನಿಕ್ ಬೇರೊಂದು ಕಾರಿನ ಗುರುತಿಗೆ ಹೊಂದಿಸಿದ್ದು.

ಈ ವಾದ ಕತಾರಿಗೆ ಮಾತ್ರ ಸೀಮಿತವಲ್ಲ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ ದಾಖಲಾದ ಗರಿಷ್ಠ 39.2 ಡಿಗ್ರಿ, ಅಲ್ಲಿ ವರ್ಷದ ಹೆಚ್ಚಿನ ದಿನಗಳಲ್ಲಿ, ಕಾರು ತಣ್ಣಗಿದ್ದರೆ, ಯಾವ ಹೊತ್ತಿಗಾದರೂ ಅಳೆಯಬಹುದು. ಕಲಬುರಗಿ, ರಾಯಚೂರಿನ ಮೇ ತಿಂಗಳಿಗೆ ಮಾತ್ರ ಐನ್ ಖಾಲಿದ್‌ನ ನಿಯಮವೇ ಅನ್ವಯ. ಎರಡೂ ಕಡೆ ಮಾಲೀಕರು ವರ್ಕ್‌ಶಾಪಿನಲ್ಲಿ ಕೇಳಬೇಕಾದ್ದು ಇಷ್ಟು: ಬಿಲ್ಲಿನಲ್ಲಿ ಎಣ್ಣೆಯ ಹೆಸರು, ಹಾಕಿದ ಲೀಟರ್, ಓಡಿದ ಕಿಲೋಮೀಟರ್ ಜೊತೆಗೆ, ಬಿರಡೆ ಮುಚ್ಚಿದಾಗ ಸ್ಕ್ಯಾನರ್ ತೋರಿಸಿದ ತಾಪಮಾನವನ್ನೂ ಬರೆಸಿಕೊಳ್ಳಬೇಕು. ಮುಂದೆ ಜರ್ಕ್ ಬಂದರೆ ಇನ್ನೊಬ್ಬ ಮೆಕ್ಯಾನಿಕ್ ಮೊದಲು ಓದಬೇಕಾದ ಅಂಕಿ ಅದು. ಅಲ್ಲಿ 50ಕ್ಕಿಂತ ಹೆಚ್ಚು ಬರೆದಿದ್ದರೆ ಏನನ್ನೂ ಬಿಚ್ಚುವ ಮೊದಲು ಕಾರನ್ನು ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಮಟ್ಟವನ್ನು ಮತ್ತೆ ಅಳೆಯಬೇಕು.