ದಾಖಲಾದರೆ ಮಾತ್ರ ವಿಮೆ

ನಮ್ಮ ಸರ್ಕಾರಿ ಆರೋಗ್ಯ ವಿಮೆಗಳಲ್ಲಿ ಹಳೆಯದೇ ಹೆಚ್ಚು ಉದಾರಿ. ಎಲ್ಲರ ಬಾಯಲ್ಲಿ ‘ಇಎಸ್‌ಐ’ ಆಗಿರುವ 1948ರ ಕಾಯ್ದೆಯಿಂದ ಹುಟ್ಟಿದ ಕಾರ್ಮಿಕರ ರಾಜ್ಯ ವಿಮೆ ಜ್ವರಕ್ಕೆ ಮಾತ್ರೆ ಕೊಡುತ್ತದೆ, ಆಪರೇಷನ್ನಿಗೆ ಆಸ್ಪತ್ರೆ ತೋರಿಸುತ್ತದೆ. ಕಾಯಿಲೆ ಬಿದ್ದ ದಿನಗಳಿಗೆ ಕೂಲಿಯ ಶೇ 70ರಷ್ಟನ್ನು ವರ್ಷಕ್ಕೆ 91 ದಿನದವರೆಗೆ ತುಂಬಿಕೊಡುತ್ತದೆ. ಅದರ ಡಿಸ್ಪೆನ್ಸರಿಗಳ ಮೇಲೆ ದೂರುಗಳು ಬೇಕಾದಷ್ಟಿವೆ. ಆದರೂ ಅದರ ಬೆನ್ನಿಗೆ ಕಾಯ್ದೆಯಿದೆ. ಚುನಾವಣೆ ಮುಗಿದೊಡನೆ ಹೆಸರು ಬದಲಿಸುವಂತಿಲ್ಲ. ಹೊಲದವರು, ಮನೆಗೆಲಸದವರು ಮಾತ್ರ ಅದರ ಹೊರಗುಳಿದರು.

ರೈತರಿಗಾಗಿ ಕರ್ನಾಟಕ ಕಂಡುಕೊಂಡ ದಾರಿ 2003ರ ಯಶಸ್ವಿನಿ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಒತ್ತಾಸೆಯಿದ್ದ ಈ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಗೆ ಕೈಯಿಂದ ಹಣ ಹಾಕಬೇಕಿರಲಿಲ್ಲ. 2008ರಲ್ಲಿ ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಕುಟುಂಬಕ್ಕೆ 30,000 ರೂಪಾಯಿಯ ಮಿತಿಯೊಡನೆ ಬಂತು. 2010ರಲ್ಲಿ ಕಲಬುರಗಿ ವಿಭಾಗದಿಂದ ಹೊರಟ ವಾಜಪೇಯಿ ಆರೋಗ್ಯಶ್ರೀ ಬಿಪಿಎಲ್ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಕೊಡಿಸಿತು. ಇದರಿಂದ ಆದದ್ದು ಕಡಿಮೆಯಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಯೋಜನೆಯಿದ್ದ ಹಳ್ಳಿಗಳ ಬಡವರಲ್ಲಿ ಈ ಕಾಯಿಲೆಗಳಿಂದಾಗುವ ಸಾವು ಯೋಜನೆಯಿಲ್ಲದ ಹಳ್ಳಿಗಳಿಗಿಂತ ಶೇ 64ರಷ್ಟು ಕಡಿಮೆಯಿತ್ತು.

2018ರಲ್ಲಿ ಆರೋಗ್ಯ ಕರ್ನಾಟಕ. ಅದೇ ವರ್ಷ ಅದು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30. ಆ ಗದ್ದಲದಲ್ಲಿ ಯಶಸ್ವಿನಿ ನಿಂತೇಹೋಗಿ, ಮತ್ತೆ ಚಿಕಿತ್ಸೆ ಶುರುವಾದದ್ದು 2023ರಲ್ಲಿ. ನಿಲ್ಲಿಸಲೂ ಒಂದು ಆದೇಶ ಸಾಕು, ಎಬ್ಬಿಸಲೂ ಒಂದು ಆದೇಶ ಸಾಕು ಎನ್ನುವಂಥದ್ದನ್ನು ನಂಬಿ ಯಾವ ರೈತ ಆಪರೇಷನ್ ಮುಂದೂಡಿಯಾನು?

ಹೀಗೆ ಮಿತಿ 30,000ದಿಂದ 5 ಲಕ್ಷಕ್ಕೆ ಏರಿತು, ಷರತ್ತು ಮಾತ್ರ ಅಲ್ಲೇ ಉಳಿಯಿತು: ಆಸ್ಪತ್ರೆಗೆ ದಾಖಲಾಗಬೇಕು. ಆಯುಷ್ಮಾನ್ ಭಾರತ ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯ ನಂತರದ 15 ದಿನದ ವೆಚ್ಚವನ್ನಷ್ಟೇ ನೋಡಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರ ತಿಂಗಳ ಮಾತ್ರೆಗೆ ಆಯುಷ್ಮಾನ್ ಕಾರ್ಡು ಬರುವುದಿಲ್ಲ. ಕಾಲು ಕೊಳೆತು ತೆಗೆಯಬೇಕಾದಾಗ ಬರುತ್ತದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ರಲ್ಲಿ ಶೇ 39.4ಕ್ಕೆ ಇಳಿದಿದೆ. ಇಳಿಕೆ ದೊಡ್ಡದೇ, ಉಳಿದ ಹೊರೆಯೂ ದೊಡ್ಡದೇ.

ಆದ್ದರಿಂದ ನಮ್ಮ ಶಾಸಕರು ಮಾಡಬೇಕಾದದ್ದು ಹೊಸ ಹೆಸರಿನ ಯೋಜನೆಯನ್ನಲ್ಲ, ಸದನದಲ್ಲಿ ಚರ್ಚಿಸಿ ಒಪ್ಪಿದ ಕಾಯ್ದೆಯನ್ನು. ರಾಜಸ್ಥಾನ 2023ರಲ್ಲಿ ಆರೋಗ್ಯ ಹಕ್ಕಿನ ಕಾಯ್ದೆ ತಂದಾಗ ಖಾಸಗಿ ವೈದ್ಯರು ಬೀದಿಗಿಳಿದರು. ತುರ್ತು ಚಿಕಿತ್ಸೆಯ ಹಣ ಯಾರು, ಎಂದು ಕೊಡುತ್ತಾರೆ ಎಂಬುದು ಅವರ ಪ್ರಶ್ನೆಗಳಲ್ಲೊಂದು. ಅದು ಹಠದ ಪ್ರಶ್ನೆಯಲ್ಲ. ಕರ್ನಾಟಕದ ಮಸೂದೆ ಆಸ್ಪತ್ರೆಯ ಬಿಲ್ಲು ಚುಕ್ತಾ ಮಾಡಲು ಗಡುವು ಹಾಕಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಮಾತ್ರೆಯ ದಾಸ್ತಾನು ಮುಗಿದರೆ ಹೊರಗಿನ ಅಂಗಡಿಯ ಬಿಲ್ಲನ್ನೂ ವಿಮೆಯೇ ಕಟ್ಟಲಿ.